ವಿಮಾನ ನಗರದಲ್ಲೊಂದು ಗ್ರಹ

ನಮ್ಮ ಕಡೆ ಗಂಡಿನ ವಿಚಾರಣೆ ಮಾಡುವುದೆಂದರೆ ಗಂಡೊಬ್ಬನನ್ನು ಬಿಟ್ಟು ಜಗತ್ತಿನ ಉಳಿದೆಲ್ಲರನ್ನೂ ವಿಚಾರಿಸುವುದು. ಅವನ ಮನೆಯ ಕೆಳಗಿನ ಕಿರಾಣಿ ಅಂಗಡಿಯವನು, ಎದುರಿನ ಇಸ್ತ್ರಿಯವನು, ಹಿಂದೊಮ್ಮೆ ಅವನ ಜೊತೆ ಒಂದೇ ಬಸ್ಸಿನಲ್ಲಿ ಓಡಾಡುತ್ತಿದ್ದ ಯಾರದೋ ಭಾವಮೈದುನ, ಹೀಗೆ ಸುತ್ತಲಿನವರನ್ನೆಲ್ಲ ಕೇಳಿ, ನಡುವೆ ಇರುವವನು ಎಂಥವನೆಂದು ತೀರ್ಮಾನಿಸುತ್ತೇವೆ. ಅವನನ್ನೇ ಕೂರಿಸಿಕೊಂಡು ಕೇಳಿದರೆ ಕೆಲಸ ಅರ್ಧ ಗಂಟೆಯಲ್ಲಿ ಮುಗಿದೀತು. ಆದರೆ ಹಾಗೆ ಕೇಳುವುದು ಸಭ್ಯರ ಲಕ್ಷಣವಲ್ಲವೆಂದು ನಮ್ಮ ಹಿರಿಯರು ಯಾವಾಗಲೋ ಠರಾಯಿಸಿದ್ದಾರೆ.

ನಮ್ಮ ಮನೆತನದಲ್ಲಿ ಈ ಖಾತೆ ನನ್ನದು. ಧಾರವಾಡ ಬಿಟ್ಟು ಪುಣೆಗೆ ಬಂದು, ಸರಕಾರಿ ಕಚೇರಿಯೊಂದರಲ್ಲಿ ಆವಕ-ಜಾವಕದ ಮೇಜಿಗೆ ಕುಳಿತ ಮೇಲೆ ನನಗೆ ಸಿಕ್ಕ ಏಕೈಕ ಬಡ್ತಿ ಇದು. ಒಳಗೆ ಬಂದ ಕಾಗದ ಯಾರಿಂದ ಬಂತು, ಹೊರಗೆ ಹೋದದ್ದು ಯಾರಿಗೆ ಹೋಯಿತು ಎಂದು ನೋಡುವುದಷ್ಟೇ ನನ್ನ ಕೆಲಸ. ಲಕೋಟೆಯೊಳಗೆ ಏನಿದೆ ಎಂದು ಓದುವ ಅಧಿಕಾರ ನನಗಿಲ್ಲ. ಹಾಗಾಗಿ ಹೊರಗಿನಿಂದ ನೋಡಿ ಒಳಗಿನದನ್ನು ಊಹಿಸುವ ಚಟ ಹತ್ತಿತು. ಜೊತೆಗೆ ದೇವರು ನನಗೆ ಯಾರ ನೆನಪಿನಲ್ಲೂ ಉಳಿಯದಂಥ ಮುಖ ಕೊಟ್ಟಿದ್ದಾನೆ. ನನ್ನ ಮದುವೆಯ ಫೋಟೋ ನೋಡಿದವರು ‘ವರ ಎಲ್ಲಿದ್ದಾನ್ರಿ ಇದರಾಗ’ ಎಂದು ನನ್ನನ್ನೇ ಕೇಳಿದ್ದಾರೆ.

ನಾನು ಹೇಳಹೊರಟಿರುವುದು ನಿಜವಾಗಿ ಬೇರೆ ನಕ್ಷತ್ರಗಳ ಗ್ರಹಗಳ ಬಗ್ಗೆ. ಮದುವೆಯ ಮಾತಿನಿಂದ ಶುರು ಮಾಡಿದ್ದೇಕೆಂದರೆ, ಖಗೋಳ ನನ್ನ ಮನೆಗೆ ಬಂದದ್ದೇ ಆ ಬಾಗಿಲಿನಿಂದ. ನಮ್ಮ ಅಕ್ಕ ಬಿಬ್ವೇವಾಡಿಯಲ್ಲಿದ್ದಾಳೆ. ಅವಳ ಒಬ್ಬಳೇ ಮಗಳು ವೃಂದಾ ರಾಂಜಣಗಾಂವದ ಒಂದು ಕಾರಖಾನೆಯಲ್ಲಿ ಇಂಜಿನಿಯರು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಡಬ್ಬಿಗೆ ಹಾಕುವುದು ಅವಳ ಕೆಲಸ. ಹಗಲೆಲ್ಲ ಅದನ್ನು ಮಾಡಿ, ಸಂಜೆ ಕಂಪನಿ ಬಸ್ಸಿನಲ್ಲಿ ಮನೆಗೆ ಬಂದು, ಬಂದ ಗಂಡುಗಳನ್ನು ಅದೇ ಡಬ್ಬಿಗೆ ಹಾಕುತ್ತಿದ್ದಳು. ಒಬ್ಬ ಉಪ್ಪಿಟ್ಟು ತಿನ್ನುವಾಗ ಮೂರು ಸಲ ತನ್ನ ಪಗಾರ ಹೇಳಿದನಂತೆ. ಇನ್ನೊಬ್ಬ ಅವಳ ಕೆಲಸದ ಬಗ್ಗೆ ಒಂದೂ ಪ್ರಶ್ನೆ ಕೇಳದೆ ಕಾರಿನ ಬಗ್ಗೆ ಹೇಳಿ ಹೋದ. ಅಕ್ಕನ ಕೂದಲು ಬೆಳ್ಳಗಾದದ್ದು ಈ ಅವಧಿಯಲ್ಲಿ.

ಇದು ಹೊಸ ಶತಮಾನದ ಮೊದಲ ವರ್ಷಗಳ ಮಾತು. ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಭಾಗದ ಕನ್ನಡಿಗರ ಕೂಟದಲ್ಲಿ ಒಂದು ಉಪನ್ಯಾಸ ನಡೆಯಿತು. ಕೂಟದ ಉಪನ್ಯಾಸಗಳಿಗೆ ಜನ ಬರುವುದು ಆಮೇಲಿನ ಫಳಾರಕ್ಕೆ. ಮಾತಾಡಿದವನು ಶ್ರೀನಿಧಿ ಎಂಬ ರಾಯಚೂರು ಕಡೆಯ ಹುಡುಗ. ಪುಣೆಯ ಒಂದು ಖಗೋಳ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದ. ಅಂಗಿಯ ಒಂದು ಗುಂಡಿ ತಪ್ಪಿ ಬೇರೆ ಕಾಜಿಗೆ ಹೋಗಿತ್ತು.

“ನಕ್ಷತ್ರ ಅಂದ್ರ ಭಾಳ ಝಗಝಗ ಇರ್ತದ್ರಿ,” ಎಂದ ಅವನು. “ಅದರ ಬಾಜೂಕ ಗ್ರಹ ಇದ್ರೂ ಕಾಣಂಗಿಲ್ಲ. ಹಿಂಗಾಗಿ ನಾವು ಗ್ರಹಾ ನೋಡೂದಿಲ್ಲ. ನಕ್ಷತ್ರ ಹೆಂಗ ನಡಕೋತದ ಅಂತ ನೋಡಿ, ಬಾಜೂಕ ಯಾರರೆ ಇದ್ದಾರೇನು ಅಂತ ತಿಳಕೋತೀವಿ.”

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಇದು ನನ್ನದೇ ವಿದ್ಯೆ. ಗ್ರಹ ಸುತ್ತುವಾಗ ತನ್ನ ನಕ್ಷತ್ರವನ್ನು ತುಸು ಆಚೀಚೆ ಎಳೆಯುತ್ತದಂತೆ, ಸಂತೆಯಲ್ಲಿ ಮಗು ಸೆರಗು ಹಿಡಿದು ತಾಯಿಯನ್ನು ಎಳೆದ ಹಾಗೆ. ಆ ಓಲಾಟ ನೋಡಿ ಮಗು ಇದೆ ಎಂದು ತಿಳಿಯಬೇಕು. ಎರಡನೆಯ ದಾರಿ ನೆರಳಿನದು. ಅದನ್ನು ತೋರಿಸಲು ಅವನು ಒಂದು ಬಲ್ಬು ಹಚ್ಚಿ, ಮೊದಲ ಸಾಲಿನಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಹೆಂಗಸೊಬ್ಬರಿಂದ ಒಂದು ಕಡ್ಡಿ ಕಡ ತಗೊಂಡು, ಅದರ ತುದಿಗೆ ಫಳಾರದ ಶೇಂಗಾ ಉಂಡಿಯೊಂದನ್ನು ಚುಚ್ಚಿ, ಬಲ್ಬಿನ ಸುತ್ತ ತಿರುಗಿಸಿದ. ಉಂಡಿ ಮುಂದೆ ಬಂದಾಗಲೆಲ್ಲ ಬೆಳಕು ಒಂದಿಷ್ಟು ಕಡಿಮೆಯಾಗುತ್ತಿತ್ತು. ಮೂರನೆಯದು ಇನ್ನೂ ನಾಜೂಕು. ಗ್ರಹಕ್ಕೆ ಗಾಳಿಯ ಹೊದಿಕೆ ಇದ್ದರೆ, ಅದನ್ನು ಹಾಯ್ದು ಬಂದ ಬೆಳಕಿನಲ್ಲಿ ಕೆಲವು ಬಣ್ಣಗಳು ಕಾಣೆಯಾಗಿರುತ್ತವೆ; ಏನು ಕಾಣೆಯಾಗಿದೆ ಎಂಬುದರ ಮೇಲೆ ಅಲ್ಲಿ ಏನಿದೆ ಎಂದು ಹೇಳಬಹುದು.

ಪ್ರಶ್ನೆ ಕೇಳಿ ಎಂದಾಗ ನಿವೃತ್ತ ಗುತ್ತಿಗೆದಾರರೊಬ್ಬರು ಎದ್ದು, “ಅಲ್ಲೆ ಪ್ಲಾಟ್ ಬುಕಿಂಗ್ ಶುರು ಆಗೇದೇನ್ರಿ?” ಎಂದರು. ಅವರು ತಮಾಷೆಗೆ ಕೇಳಿರಲಿಲ್ಲ. ಆಮೇಲೆ ನನ್ನ ಜೊತೆ ಬಂದಿದ್ದ ವೃಂದಾ ಎದ್ದಳು.

“ಬಲ್ಬ ತಾನ ಮಿಣಕ್ ಅಂದ್ರ? ಅದನ್ನ ಉಂಡಿ ಅಂತ ಹೆಂಗ ಹೇಳ್ತೀರಿ?”

ಉಂಡಿ ಚುಚ್ಚಿದ ಕಡ್ಡಿ ಹಿಡಿದು ನಿಂತ ಹುಡುಗನ ಮುಖ ಅರಳಿತು. “ಒಂದ ಸಲ ಆದ್ರ ನಂಬೂದಿಲ್ರಿ. ಮತ್ತ ಮತ್ತ ಅಷ್ಟ ಹೊತ್ತಿಗೊಮ್ಮೆ ಆಗಬೇಕು. ಆಮ್ಯಾಲೆ ಬ್ಯಾರೆ ರೀತಿಲೆ ಪರೀಕ್ಷಾ ಮಾಡಬೇಕು. ಎರಡೂ ಕೂಡಿ ಒಂದ ಮಾತು ಹೇಳಿದ್ರನ ಗ್ರಹ ಅಂತೀವಿ,” ಎಂದ. ಅವಳು ಇನ್ನೊಂದು ಕೇಳಿದಳು, ಅವನು ಇನ್ನೊಂದು ಹೇಳಿದ. ಮೇಜಿನ ಮೇಲಿಟ್ಟ ಗ್ರಹವನ್ನು ಅಷ್ಟರಲ್ಲಿ ಅಧ್ಯಕ್ಷರು ತಿಂದು ಮುಗಿಸಿದ್ದರು.

ಅವನು ಹೇಳಿದ ಒಂದು ಸಂಗತಿ ನನ್ನ ತಲೆಯಿಂದ ಬಹಳ ದಿನ ಇಳಿಯಲಿಲ್ಲ. ತೊಂಬತ್ತರ ದಶಕದ ನಡುವೆ, ನಮ್ಮ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಮೊದಲು ಸಿಕ್ಕ ಗ್ರಹ ಗುರುವಿನಂಥ ದೈತ್ಯನಂತೆ. ಆದರೆ ಒಲೆಗೆ ಆತುಕೊಂಡ ಬೆಕ್ಕಿನ ಹಾಗೆ ನಕ್ಷತ್ರಕ್ಕೆ ಅಂಟಿಕೊಂಡೇ ಸುತ್ತುತ್ತದೆ. ಅಲ್ಲಿಯ ಒಂದು ವರ್ಷವೆಂದರೆ ನಮ್ಮ ನಾಲ್ಕು ದಿನ, ಚೂರು ಮೇಲೆ. ವಿಜ್ಞಾನಿಗಳು ಇದನ್ನು ನಂಬಲು ತಿಣುಕಿದರಂತೆ. ನಾನು ಕೂಡಲೇ ನಂಬಿದೆ. ನನ್ನ ಆತಂಕ ಬೇರೆ. ಸೋಮವಾರ ಯುಗಾದಿ ಮಾಡಿದರೆ ಶುಕ್ರವಾರ ಮತ್ತೆ ಯುಗಾದಿ. ನಡುವಿನ ಮೂರು ದಿನದಲ್ಲಿ ಗಣಪತಿ ಕೂರಿಸಿ, ಮುಳುಗಿಸಿ, ಬನ್ನಿ ಕೊಟ್ಟು, ದೀಪಾವಳಿಯ ಎಣ್ಣೆ ಹಚ್ಚಿಕೊಳ್ಳಬೇಕು. ಅಪ್ಪನ ಶ್ರಾದ್ಧ ವಾರಕ್ಕೆ ಎರಡು ಸಲ ಬಂದರೆ ಆಚಾರ್ಯರು ವಡೆ ತಿಂದು ಬದುಕಿಯಾರೆಯೇ? ಸರಕಾರಿ ನೌಕರನಂತೂ ಹುಟ್ಟಿದ ಎಂಟನೆಯ ತಿಂಗಳಿಗೆ, ಹಲ್ಲು ಬರುವ ಹೊತ್ತಿಗೆ, ನಿವೃತ್ತನಾಗುತ್ತಾನೆ. ಇದನ್ನೆಲ್ಲ ನನ್ನ ಹೆಂಡತಿ ಸುಶೀಲಾಳಿಗೆ ವಿವರಿಸಿದೆ. “ಹೋಳಿಗಿ ಮಾಡೂ ಹೆಂಗಸರ ಗತಿ ಏನ್ರಿ ಅಲ್ಲೆ,” ಎಂದು ಅವಳು ಆ ಗ್ರಹವನ್ನು ಅಲ್ಲಿಗೇ ಕೈಬಿಟ್ಟಳು.

ಕಾಣದ ಗ್ರಹಗಳೇನೂ ನಮಗೆ ಹೊಸವಲ್ಲ ಎಂಬ ಹೆಮ್ಮೆಯೂ ನನಗೆ ಬಂದಿತ್ತು. ರಾಹು ಕೇತುಗಳನ್ನು ಯಾರೂ ಕಂಡವರಿಲ್ಲ. ಬೆಳಗುತ್ತಿದ್ದ ಸೂರ್ಯ ಕಪ್ಪಾದ, ಆದ್ದರಿಂದ ನಡುವೆ ಯಾರೋ ಬಂದಿದ್ದಾರೆ ಎಂದು ನಮ್ಮ ಪಂಚಾಂಗದವರು ಎಂದೋ ತರ್ಕಿಸಿ, ಅವರಿಗೆ ಹೆಸರಿಟ್ಟು, ಪೂಜೆ ಹಚ್ಚಿ, ದಕ್ಷಿಣೆಯನ್ನೂ ಗೊತ್ತು ಮಾಡಿದರು. ಇದನ್ನು ಫಳಾರದ ಹೊತ್ತಿನಲ್ಲಿ ಶ್ರೀನಿಧಿಗೆ ಹೇಳಿದೆ. ಅವನು ನಕ್ಕು, “ಹೌದ್ರಿ, ಖರೇ ಅದ. ಆದ್ರ ಎರಡನೇ ಪರೀಕ್ಷಾ ಮಾಡೂದು ಮರತ್ರು ನೋಡ್ರಿ,” ಎಂದ. ಈ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಮುಂದಿನದು ಸರಸರ ನಡೆಯಿತು. ಮಧ್ಯಸ್ಥರೊಬ್ಬರು ಸಿಕ್ಕರು, ಜಾತಕ ಕೂಡಿತು, ಹುಡುಗ ಹುಡುಗಿ ಒಂದು ಹೋಟೆಲಿನಲ್ಲಿ ಕುಳಿತು ಮಾತಾಡಿ ಬಂದರು. ಹುಡುಗ ವಿಮಾನ ನಗರದ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬನೇ ಇರುತ್ತಾನೆ, ತಾಯಿ ತಂದೆ ಊರಲ್ಲಿ, ಮನೆಯಲ್ಲಿ ಹಿರಿಯರ ಕಾಟವಿಲ್ಲ ಎಂದು ಮಧ್ಯಸ್ಥರು ಒತ್ತಿ ಹೇಳಿದರು. ವೃಂದಾಳನ್ನು ಕೇಳಿದರೆ “ನಡೀತದ” ಎಂದಳು. ಅವಳ ನಾಲಿಗೆಯಲ್ಲಿ ಇದಕ್ಕಿಂತ ದೊಡ್ಡ ಪ್ರೇಮಗೀತೆ ಇಲ್ಲ.

ಅಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. “ಪಾಂಡು, ಕಾಣದ್ದನ್ನ ಹುಡುಕೂದು ಆ ಹುಡುಗನ ಕೆಲಸ ಅಂತ. ಹಂಗಿದ್ರ ಕಾಣೂದನ್ನ ಮುಚ್ಚಿಡೂದೂ ಅವಗ ಬರ್ತಿರಬೇಕು. ನೀ ಒಂದೀಟು ಹೋಗಿ ನೋಡಿ ಬಾ,” ಎಂದಳು. ನಾನು ಹೊರಡುವಾಗ ವೃಂದಾ ಗೇಟಿನ ತನಕ ಬಂದಳು. “ಮಾಮಾ, ನೋಡು, ಬ್ಯಾಡ ಅನ್ನೂದಿಲ್ಲ. ಆದ್ರ ಇದೊಂದು ಕೆಡಸಬ್ಯಾಡ,” ಎಂದಳು. ಚಿಕ್ಕಂದಿನಿಂದ ನೋಡಿದ ಹುಡುಗಿ, ಎಂದೂ ನನ್ನ ಹತ್ತಿರ ಏನನ್ನೂ ಬೇಡಿದವಳಲ್ಲ.

ನಮ್ಮ ಕೋಥರೂಡದಿಂದ ವಿಮಾನ ನಗರ ಬೇರೆ ನಕ್ಷತ್ರದಷ್ಟೇ ದೂರ. ಎರಡು ಸಿಟಿ ಬಸ್ಸು ಬದಲಿಸಿ ಸಂಜೆ ಅಲ್ಲಿಗೆ ಮುಟ್ಟಿದೆ. ಗಣಪತಿ ಮುಳುಗಿಸಿ ಆಗಿತ್ತು. ಮಂಟಪದ ಬೊಂಬುಗಳನ್ನು ಬಿಚ್ಚಿ ರಸ್ತೆ ಬದಿ ಒಟ್ಟಿದ್ದರು. ಹುಡುಗನ ಕಟ್ಟಡದ ಎದುರಿಗೇ ಒಂದು ಅಮೃತತುಲ್ಯ ಚಹಾದಂಗಡಿ ಸಿಕ್ಕಿದ್ದು ನನ್ನ ಅದೃಷ್ಟ. ಯಾಲಕ್ಕಿ, ಶುಂಠಿ ಹಾಕಿ, ಹಾಲಿನಲ್ಲೇ ಕುದಿಸಿದ ಗಟ್ಟಿ ಚಹಾ. ಬೆಂಚಿನ ಮೇಲೆ ಕುಳಿತು ಒಂದು ಕಟಿಂಗ್, ಅಂದರೆ ಅರ್ಧ ಲೋಟ, ಹೇಳಿ, ಮೊದಲ ಮಹಡಿಯ ಕಿಟಕಿಯತ್ತ ಕಣ್ಣಿಟ್ಟೆ.

ಹುಡುಗ ಇನ್ನೂ ಬಂದಿರಲಿಲ್ಲ. ಆದರೂ ಮುಸ್ಸಂಜೆಗೆ ಒಳಗೆ ದೀಪ ಹತ್ತಿತು. ಬಿಳಿ ಪರದೆ ಹಳದಿಯಾಯಿತು. ನೋಡುತ್ತಿದ್ದಂತೆ ಅದರ ಮೇಲೆ ಒಂದು ನೆರಳು ಬಂತು, ದಾಟಿತು, ಹೋಯಿತು. ತಲೆಯ ಮೇಲೆ ಸೆರಗು ಹೊದ್ದ ಹೆಣ್ಣಿನ ಆಕಾರ. ನಾಲ್ಕೈದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಮತ್ತೆ ಬಂತು. ಮತ್ತೆ ನಾಲ್ಕೈದು ಗುಟುಕು, ಮತ್ತೆ ನೆರಳು. ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು, ಬೆಂಚು ನಡುಗುತ್ತಿತ್ತು, ನಾನು ಮಾತ್ರ ಕಣ್ಣು ಕದಲಿಸಲಿಲ್ಲ. ಸಂಸ್ಥೆ ಕಟ್ಟಿ, ದೂರದರ್ಶಕ ಹೂಡಿ ಅವರು ಮಾಡುವುದನ್ನು ನಾನು ಒಂದು ಕಟಿಂಗಿನಲ್ಲಿ ಮಾಡಿದ್ದೆ.

ಒಂದೇ ಸಲ ನೋಡಿ ನಂಬಬಾರದೆಂದು ಅವನೇ ಹೇಳಿದ್ದನಲ್ಲ, ಆ ವಾರವಿಡೀ ಹೋದೆ. ದಿನವೂ ಅದೇ. ಹುಡುಗ ತಡವಾಗಿ ಬರುತ್ತಿದ್ದ, ಮೂಲೆಯ ಹೂವಿನವಳಿಂದ ಎಲೆಯ ಪೊಟ್ಟಣ ಕಟ್ಟಿಸಿಕೊಂಡು. ಹೆರಳಿಗೆ ಹೂವು ಎಂದುಕೊಂಡೆ. ಪಕ್ಕದ ಡೇರಿಯವನನ್ನು ಮಾತಿಗೆಳೆದೆ. ಆ ಮನೆಯವರು ಹಾಲು ಬಿಟ್ಟಿದ್ದಾರೆ, “ದೂಧ್ ಬಂದ್, ಫಕ್ತ ದಹೀ,” ಎಂದ. ಹೋದ ತಿಂಗಳು ಬರೀ ಹಾಲು ಒಯ್ಯುತ್ತಿದ್ದರಂತೆ, ಮೊಸರು ಮುಟ್ಟುತ್ತಿರಲಿಲ್ಲವಂತೆ. ಹಾಲಿಲ್ಲದ ಮನೆ ಕುಡುಕರ ಮನೆ, ಮೊಸರು ಮುಂಜಾನೆಯ ತಲೆನೋವಿಗೆ ಎಂದು ನಾನು ಅಲ್ಲೇ ತೀರ್ಪು ಕೊಟ್ಟೆ.

ಎಲ್ಲಕ್ಕಿಂತ ವಿಚಿತ್ರವೆಂದರೆ, ನೆರಳು ಯಾವಾಗಲೂ ಬಲದಿಂದ ಎಡಕ್ಕೇ ಹೋ‌ಗುತ್ತಿತ್ತು. ಎಡದಿಂದ ಬಲಕ್ಕೆ ಒಮ್ಮೆಯೂ ತಿರುಗಿ ಬರಲಿಲ್ಲ. ಹೋದವಳು ಬಾರದೆ ಮತ್ತೆ ಹೋಗುವುದು ಹೇಗೆ? ಜೀವಮಾನವಿಡೀ ಆವಕ-ಜಾವಕ ನೋಡಿದ ನನಗೆ ಬರೀ ಜಾವಕವಿರುವ ಮನೆ ಜೀರ್ಣವಾಗಲಿಲ್ಲ. ಉಳಿದದ್ದು ಒಂದೇ ಉತ್ತರ. ಅವಳು ಒಬ್ಬಳಲ್ಲ. ಬಲಗಡೆಯ ಕೋಣೆಯಿಂದ ಎಡಗಡೆಯ ಕೋಣೆಗೆ ಹೆಂಗಸರ ಸಾಲೇ ಸಾಗುತ್ತಿದೆ. ಎಡಗಡೆಯ ಕೋಣೆ ಇಷ್ಟು ಹೊತ್ತಿಗೆ ತುಂಬಿ ತುಳುಕಬೇಕಲ್ಲ ಎಂಬ ಪ್ರಶ್ನೆ ನನಗೆ ಹೊಳೆಯದೆ ಇರಲಿಲ್ಲ. ಆದರೆ ಮಹತ್ವದ ಶೋಧಗಳಿಗೆ ಸಣ್ಣಪುಟ್ಟ ತೊಡಕು ಇದ್ದದ್ದೇ ಎಂದು ಮುಂದೆ ಸರಿಸಿದೆ.

ಅಕ್ಕನಿಗೆ ಫೋನಿನಲ್ಲಿ ಸಾಲಿನ ವಿಷಯ ಹೇಳಲಿಲ್ಲ, ಅಷ್ಟು ಕರುಣೆ ನನ್ನಲ್ಲಿತ್ತು. “ಮನ್ಯಾಗ ಇನ್ನೊಬ್ಬರಿದ್ದಾರ,” ಎಂದೆ.

“ಯಾರು? ಗೆಳ್ಯಾನೇನು?”

“ಸೀರಿ ಉಟ್ಟಾರ.”

ಅಕ್ಕ ಫೋನು ಇಟ್ಟಳು. ನಮ್ಮಲ್ಲಿ ಸಂಬಂಧ ಬೇಡವೆಂದರೆ ಕಾರಣ ಹೇಳುವ ಪದ್ಧತಿಯಿಲ್ಲ. ಹುಡುಗ ಕುಡಿಯಲಿ, ಹುಡುಗಿ ಓಡಿಹೋಗಲಿ, ಹೇಳುವ ಮಾತು ಒಂದೇ: ಮತ್ತೊಮ್ಮೆ ತೋರಿಸಿದಿವಿ, ಜಾತಕ ಕೂಡಲಿಲ್ಲ. ಕೇಳಿದವರು ‘ಹೌದೇನು, ಋಣಾನುಬಂಧ ಇರಲಿಲ್ಲ’ ಎಂದು ಸುಮ್ಮನಾಗಬೇಕು. ಇಷ್ಟು ವರ್ಷ ಎಲ್ಲರೂ ಸುಮ್ಮನಾಗಿದ್ದರು. ಈ ಹುಡುಗ ಸುಮ್ಮನಾಗಲಿಲ್ಲ. ಯಾವ ಗ್ರಹ ಅಡ್ಡ ಬಂದಿದೆ ಎಂದು ಮಧ್ಯಸ್ಥರ ಮೂಲಕ ಕೇಳಿಸಿದ. ಅಕ್ಕನಿಗೆ ಹೀಗೆ ಯಾರೂ ಕೇಳಿದ್ದೇ ಇಲ್ಲ. ಗಾಬರಿಯಲ್ಲಿ ಶನಿ ಎಂದಳು. ಮರುದಿನ ಅವನಿಂದ ಸುದ್ದಿ ಬಂತು. ಶನಿಯ ಬಗ್ಗೆ ಏನಾದರೂ ಸಂಶಯವಿದ್ದರೆ ಸಂಸ್ಥೆಗೆ ಬನ್ನಿ, ದೂರದರ್ಶಕದಲ್ಲಿ ತೋರಿಸುತ್ತೇನೆ, ಬಳೆಯ ಸಮೇತ ಕಾಣುತ್ತದೆ, ಹೆದರುವಂಥದ್ದು ಏನೂ ಇಲ್ಲ. ನಾವು ಇಷ್ಟು ಲಗ್ನ ಕೂಡಿಸಿದ್ದೇವೆ, ಶನಿಯನ್ನೇ ತೋರಿಸಲು ಮುಂದೆ ಬಂದ ವರ ಇವನೊಬ್ಬನೇ ಎಂದು ಮಧ್ಯಸ್ಥರು ನಡುಗುವ ದನಿಯಲ್ಲಿ ಹೇಳಿದರು.

ಭಾನುವಾರ ವೃಂದಾ ಕೋಥರೂಡಕ್ಕೆ ಬಂದಳು. ಕೂಗಾಡಲಿಲ್ಲ. ಎದುರಿಗೆ ಕುಳಿತು, “ಮಾಮಾ, ಏನ ನೋಡಿದಿ, ಎಲ್ಲಾ ಹೇಳು,” ಎಂದಳು. ನಾನು ಹೇಳಿದೆ. ಹೆಂಗಸರ ಸಾಲನ್ನೂ ಹೇಳಿದೆ.

“ಮುಖಾ ನೋಡಿದಿ?”

“ಇಲ್ಲ.”

“ಬ್ಯಾರೆ ರೀತಿಲೆ ಪರೀಕ್ಷಾ ಮಾಡಿದಿ?”

“ಹಾಲು ಬಂದ್ ಮಾಡ್ಯಾರ…”

“ಒಂದ ನೆಳ್ಳು ನೋಡಿ ರಿಜೆಕ್ಟ್ ಮಾಡಿದೇನು ಮಾಮಾ? ನಾನು ಕಾರಖಾನ್ಯಾಗ ಒಂದ ಬೋಲ್ಟ್ ಸುದ್ಧಾ ಹಿಂಗ ಒಗಿಯೂದಿಲ್ಲ.”

ಅವಳ ಕಣ್ಣು ತುಂಬಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. ಇಷ್ಟು ದಿನ ಅದು ನನಗೆ ಒಂದು ಕಿಟಕಿಯಾಗಿತ್ತು, ಅವಳಿಗೆ ಅದು ಬಾಳುವ ಮನೆ ಎಂಬುದು ಆ ಕ್ಷಣದಲ್ಲಿ ತಾಗಿತು. ಅಷ್ಟರಲ್ಲಿ ಸುಶೀಲಾ ಮೂರು ಲೋಟ ಕಷಾಯ ತಂದಿಟ್ಟಳು.

“ಹಾಲಿನ ಮಾತು ಏನಂದ್ರಿ?” ಎಂದಳು.

“ಈ ತಿಂಗಳು ಹಾಲಿಲ್ಲ, ಬರೇ ಮಸರು. ಹೋದ ತಿಂಗಳು ಮಸರಿಲ್ಲ, ಬರೇ ಹಾಲು.”

“ಅದರ ಹಿಂದಿನ ತಿಂಗಳು ಕಾಯಿಪಲ್ಯಾ ತಗೊಂಡಿರಲಿಕ್ಕಿಲ್ಲ.”

“ನಿನಗ ಹೆಂಗ ಗೊತ್ತಾತು?”

ಸುಶೀಲಾ ನನ್ನನ್ನು ಒಮ್ಮೆ ನೋಡಿದಳು. “ನಮ್ಮ ಮನ್ಯಾಗ ಈ ತಿಂಗಳು ಹಾಲು ಕಂಡೀರೇನ್ರಿ?”

ಚಾತುರ್ಮಾಸ. ವ್ರತ ಹಿಡಿದ ಮನೆಗಳಲ್ಲಿ ಮೊದಲ ತಿಂಗಳು ಕಾಯಿಪಲ್ಯ ಇಲ್ಲ, ಎರಡನೆಯದು ಮೊಸರು ಇಲ್ಲ, ಮೂರನೆಯದು ಹಾಲು ಇಲ್ಲ, ನಾಲ್ಕನೆಯದು ಬೇಳೆ ಇಲ್ಲ. ನಮ್ಮ ಮನೆಯಲ್ಲಿ ಪ್ರತಿವರ್ಷ ನಡೆಯುವುದು. ಕಾಣೆಯಾದದ್ದರಿಂದ ಇರುವುದನ್ನು ತಿಳಿಯಬೇಕೆಂದು ಹುಡುಗ ಹೇಳಿದ್ದನ್ನು ನಾನು ಕೇಳಿ ತಲೆದೂಗಿದ್ದೆ. ಹಾಲು ಕಾಣೆಯಾದ ಕೂಡಲೇ ನನ್ನಂಥವನಿಗೆ ಪಂಚಾಂಗ ನೆನಪಾಗಬೇಕಿತ್ತು, ಬಾಟಲಿಯಲ್ಲ. ಯಾವ ವಯಸ್ಸಿನ, ಯಾವ ಮಠದ ಒಕ್ಕಲು ಎಂಬುದರ ತನಕ ಡೇರಿಯವನು ನನಗೆ ಹೇಳಿಬಿಟ್ಟಿದ್ದ.

“ಅಂದ್ಹಂಗ, ನೀವು ಅಲ್ಲೆ ಕೂತು ವಾರಪೂರ್ತಿ ಏನ ಕುಡೀತಿದ್ರಿ?” ಎಂದು ಸುಶೀಲಾ ಕೇಳಿದಳು. ನಾನು ಕಷಾಯದ ಲೋಟ ಎತ್ತಿಕೊಂಡೆ.

ವೃಂದಾ ನಮ್ಮ ಮಾತು ಕೇಳುತ್ತಿರಲಿಲ್ಲ. ತನ್ನ ಲೋಟವನ್ನು ನಡುವೆ ಇಟ್ಟು, ಅದನ್ನು ಬಲಕ್ಕೆ ಮಾಡಿಕೊಂಡು ಬೆರಳಿನಿಂದ ಸುತ್ತ ಗೆರೆ ಎಳೆಯುತ್ತಿದ್ದಳು. “ದೀಪದ ಮುಂದ ಬಂದಾಗ ನೆಳ್ಳು ಬೀಳ್ತದ, ಬಲದಿಂದ ಎಡಕ್ಕ. ಹಿಂದ ಹೋದಾಗ ಬೀಳೂದಿಲ್ಲ. ಮಾಮಾ, ಅದು ಸಾಲಲ್ಲ. ಒಬ್ಬಾಕಿನ. ಸುತ್ತಲಿಕ್ಕೆ ಹತ್ಯಾಳ.”

“ಲಕ್ಷ ಪ್ರದಕ್ಷಿಣಿ,” ಎಂದಳು ಸುಶೀಲಾ. “ಪಾಪ, ಗುಡಿಗೆ ಹೋಗಲಿಕ್ಕೆ ಆಗಿರಲಿಕ್ಕಿಲ್ಲ.”

ಆ ಸಂಜೆಯೇ ವೃಂದಾ ಮತ್ತು ನಾನು ವಿಮಾನ ನಗರಕ್ಕೆ ಹೋದೆವು. ಬಾಗಿಲು ತೆರೆದ ಶ್ರೀನಿಧಿಯ ಮುಖ ಬಿಳಿಚಿತು. ಅವನ ಹಿಂದೆ ಪಡಸಾಲೆಯ ಕುರ್ಚಿ ಮೇಜುಗಳನ್ನೆಲ್ಲ ಗೋಡೆಗೆ ಒತ್ತರಿಸಿದ್ದರು. ನಡುವೆ ಮಣೆಯ ಮೇಲೆ ಹೂವೇರಿಸಿದ ತುಳಸಿ ಕುಂಡ, ಅದರ ಪಕ್ಕ ಅವನ ಓದುವ ದೀಪ. ಸುತ್ತಲೂ ಇಳಕಲ್ ಸೀರೆಯ ಸೆರಗನ್ನು ತಲೆಗೆ ಹೊದ್ದ ಅಜ್ಜಿಯೊಬ್ಬಳು, ತುಟಿ ಅಲುಗಿಸುತ್ತ, ಒಂದು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಸುತ್ತುತ್ತಿದ್ದಳು. ನಮ್ಮನ್ನು ಕಂಡಳು, ಆದರೆ ನಡುವೆ ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಮುಂದೆ ಬಂದಾಗ ವೃಂದಾಳ ಮುಖ ನೋಡಿದಳು, ಹಿಂದೆ ಹೋದಳು, ಮತ್ತೆ ಬಂದಾಗ ಕೈ ನೋಡಿದಳು, ಮತ್ತೊಂದು ಸುತ್ತಿಗೆ ಕಾಲು. ಇಷ್ಟು ಅಚ್ಚುಕಟ್ಟಾದ ವೀಕ್ಷಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶ್ರೀನಿಧಿ ತಗ್ಗಿದ ದನಿಯಲ್ಲಿ ಹೇಳಿದ. ಅಜ್ಜಿ ಕಣ್ಣಿನ ಆಪರೇಶನ್ನಿಗೆಂದು ಆಷಾಢದಲ್ಲಿ ಬಂದವಳು. ವ್ರತ ಶುರುವಾಯಿತು, ಕಾರ್ತಿಕದ ತನಕ ಊರು ಬಿಡುವಂತಿಲ್ಲ. ಮಧ್ಯಸ್ಥರು ಹೇಳಿದ್ದರಂತೆ: ಮನೆಯಲ್ಲಿ ಮುದುಕರಿದ್ದಾರೆ ಎಂದರೆ ಈಗಿನ ಹೆಣ್ಣಿನವರು ಮುಂದಿನ ಮಾತೇ ಕೇಳುವುದಿಲ್ಲ. “ಅಜ್ಜೀನ ಅಂದ್ಲು, ನಾ ಇದ್ದದ್ದು ಹೇಳಬ್ಯಾಡ ಅಂತ. ಯಾರರೆ ಬಂದ್ರ ಹಿತ್ತಲ ಬಾಲ್ಕನ್ಯಾಗ ಹೋಗಿ, ಬಾಗಲಾ ಹಾಕ್ಕೊಂಡು ಕೂಡ್ತಾಳ್ರಿ.”

ಮಳೆಗಾಲದುದ್ದಕ್ಕೂ ಆ ಬಾಲ್ಕನಿಯಲ್ಲಿ ಸೆರಗು ಮುದುಡಿ ಅಜ್ಜಿ ಎಷ್ಟು ಸಲ ಕೂತಿದ್ದಳೋ. ಎಲ್ಲೋ ಆಕಾಶದ ಆಚೆ ಒಂದು ಕಲ್ಲುಂಡೆ ಇದೆಯೆಂದು ಸಾಧಿಸಲು ವರ್ಷಗಟ್ಟಲೆ ಹೆಣಗುವ ಹುಡುಗ, ಎದುರಿಗಿರುವ ಅಜ್ಜಿ ಇಲ್ಲವೆಂದು ಒಂದೇ ಮಾತಿನಲ್ಲಿ ಸಾಧಿಸಿದ್ದ.

“ನನಗೂ ಸುಳ್ಳು ಹೇಳಿದ್ರಿ,” ಎಂದಳು ವೃಂದಾ.

“ಹೌದು. ತಪ್ಪಾತು,” ಎಂದ ಅವನು. ಬೇರೆ ಸಬೂಬು ಹೇಳಲಿಲ್ಲ.

ಅಜ್ಜಿಯ ಸುತ್ತು ಮುಗಿಯಿತು. ತುಳಸಿಗೆ ಕೈಮುಗಿದು, ಸೆರಗಿನಿಂದ ಮುಖ ಒರೆಸಿಕೊಂಡು ವೃಂದಾಳ ಹತ್ತಿರ ಬಂದಳು. “ನಾ ಇದ್ದೀನಿ ಅಂತ ನಿಮ್ಮ ಮನ್ಯಾಗ ಹೇಳಬ್ಯಾಡವಾ. ಕಾರ್ತಿಕ ಆದಕೂಡ್ಲೆ ಹೋಗಾಕಿ ನಾನು. ನನ್ನ ಲೆಕ್ಕಕ್ಕ ಹಿಡೀಬ್ಯಾಡ.”

“ಆಗಲೇ ಹೇಳಿ ಆಗ್ಯದ ಅಜ್ಜಿ. ನಮ್ಮ ಮಾಮಾ ರಸ್ತಾದಾಗ ಕೂತು ನಿಮ್ಮನ್ನ ಕಂಡುಹಿಡದಾನ. ಇನ್ನ ಇಲ್ಲ ಅನ್ನಲಿಕ್ಕೆ ಬರೂದಿಲ್ಲ,” ಎಂದಳು ವೃಂದಾ. ಆಮೇಲೆ ಶ್ರೀನಿಧಿಯ ಕಡೆ ತಿರುಗಿ, “ಅಜ್ಜಿನ್ನ ಇಲ್ಲ ಅನ್ನೂ ಮನಿ ನನಗ ಬ್ಯಾಡ. ಇದ್ದಾರ ಅನ್ನೂದಾದ್ರ ನಮ್ಮವ್ವಗ ಈಗ ಫೋನ್ ಹಚ್ಚರಿ,” ಎಂದಳು.

ಅವನು ತಡಮಾಡಲಿಲ್ಲ. ಕಾರ್ತಿಕ ಕಳೆದ ಮೇಲೆ ಲಗ್ನವಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ನೀವು ಸುಮ್ಮನೆ ಚಿಂತೆ ಮಾಡಬೇಡಿ. ಆದರೆ ನನಗೆ ನೆನಪಿರುವುದು ಮಂಟಪವಲ್ಲ, ಆ ಫೋನು. ಶ್ರೀನಿಧಿ ಎಲ್ಲ ಹೇಳಿ ಮುಗಿಸಿದ ಮೇಲೆ ಅಕ್ಕ ಅವನನ್ನು ಬೈಯಲಿಲ್ಲ, ಶನಿಯ ಮಾತೆತ್ತಲಿಲ್ಲ. ಅಜ್ಜಿಗೆ ಕೊಡು ಎಂದಳು.

ಅಜ್ಜಿ ಮೊಬೈಲನ್ನು ಎರಡೂ ಕೈಯಿಂದ, ಕಿವಿಗಿಂತ ದೂರ ಹಿಡಿದಳು. ಹಾಗಾಗಿ ನಮಗೆಲ್ಲ ಕೇಳಿಸಿತು. “ನಾಳೆ ಊಟಕ್ಕ ನಮ್ಮಲ್ಲೆ ಬರ್ರಿ. ನಿಮಗ ಏನ ನಡೀತದ, ಏನ ನಡ್ಯೂದಿಲ್ಲ, ಒಂದೀಟು ಹೇಳ್ರಿ,” ಎಂದಳು ಅಕ್ಕ.

ಅಜ್ಜಿ ಕುರ್ಚಿ ಎಳೆದುಕೊಂಡು ಕುಳಿತಳು. ಹಾಲು ನಡೆಯುವುದಿಲ್ಲ ಎಂದು ಶುರು ಮಾಡಿದಳು. ಹುಳಿ ಹೆಚ್ಚಾದರೆ ಹೊಟ್ಟೆ ಉರಿಯುತ್ತದೆ, ಅನ್ನ ಮೆತ್ತಗಿರಬೇಕು, ಆಪರೇಶನ್ ಆದ ಕಣ್ಣಿಗೆ ಸಂಜೆಯ ಬೆಳಕು ಚುಚ್ಚುತ್ತದೆ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ, ವಿಮಾನದ ಸದ್ದಿಗೆ ಮೊದಮೊದಲು ಎದೆ ಹಾರುತ್ತಿತ್ತು, ಈಗ ಎಷ್ಟು ಬಂದವು ಎಷ್ಟು ಹೋದವು ಎಂದು ಎಣಿಸುತ್ತ ಕೂಡುತ್ತೇನೆ. ಅಕ್ಕ ಆ ಕಡೆಯಿಂದ ಹೂಂ ಅನ್ನುತ್ತಿದ್ದಳು. ಮಾತು ಮೊಣಕಾಲಿಗೆ ಬಂದು, ಯಾವುದು ಹತ್ತುವಾಗ ನೋಯುತ್ತದೆ, ಯಾವುದು ಇಳಿಯುವಾಗ ನೋಯುತ್ತದೆ ಎನ್ನುವ ಹೊತ್ತಿಗೆ ಶ್ರೀನಿಧಿಯೂ ಅವಳ ಕಾಲ ಬಳಿ ನೆಲದ ಮೇಲೆ ಕುಳಿತು ಕೇಳುತ್ತಿದ್ದ. ಇದೆಲ್ಲ ಅವನಿಗೂ ಹೊಸ ಸುದ್ದಿಯಾಗಿತ್ತು.